ಅಮ್ಮನ ಗಂಟು, ಅಣ್ಣನ ಕುಣಿಕೆ

ಪ್ರೀತಿಯ ಅಣ್ಣನಿಗೆ,

ನನ್ನ ಕೆಲಸ ಉಳಿಯಿತು. ಶೂ ಲೇಸು ಬಿಚ್ಚಿಕೊಂಡು ಹೋಟೆಲಿನಲ್ಲಿ ಎರಡು ಸಲ ಟ್ರೇ ಸಮೇತ ಬಿದ್ದದ್ದು ನಿನಗೆ ಗೊತ್ತೇ ಇದೆ. ಇನ್ನೊಮ್ಮೆ ಬಿದ್ದರೆ ಮನೆಗೆ ಹೋಗು ಎಂದಿದ್ದರು ಮ್ಯಾನೇಜರ್.

ಕಳೆದ ವಾರ ಕ್ಯಾಷಿಯರ್ ಅಕ್ಕ ನನ್ನ ಕಾಲ ಬಳಿ ಕುಕ್ಕರಿಸಿ ನೋಡಿದರು. "ಏನೇ ಇದು, ಎರಡು ಗಂಟೂ ಒಂದೇ ಕಡೆ ತಿರುಗಿವೆ! ಒಂದು ಆ ಕಡೆ, ಒಂದು ಈ ಕಡೆ ತಿರುಗಬೇಕು. ಹೀಗಾದ್ರೆ ನಿಲ್ಲುತ್ತಾ? ಯಾರೇ ಕಲಿಸಿದ್ದು?"

ಕೆಳಗಿನ ಗಂಟು ಅಮ್ಮ, ಮೇಲಿನ ಕುಣಿಕೆ ಅಣ್ಣ ಎಂದೆ. ನೀನು ಎಡಚ ಎಂದು ಹೇಳಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕರು. ಇಬ್ಬರಲ್ಲಿ ಒಬ್ಬರೇ ಎರಡನ್ನೂ ಕಲಿಸಿದ್ದರೆ ಸರಿಹೋಗುತ್ತಿತ್ತಂತೆ; ಅಮ್ಮನ ಬಲಗೈಯೂ ನಿನ್ನ ಎಡಗೈಯೂ ಇಷ್ಟು ವರ್ಷ ನನ್ನ ಕಾಲ ಮೇಲೆ ಜಗಳ ಆಡುತ್ತಿದ್ದವಂತೆ.

ಈ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಲಿತೆ. ಬೆರಳುಗಳು ಹಳೇ ದಾರಿಗೇ ಓಡುತ್ತಿದ್ದವು. ಊಟದ ಬಿಡುವಿನಲ್ಲೆಲ್ಲ ಕಟ್ಟಿ, ಬಿಚ್ಚಿ ಪಳಗಿಸಿದೆ. ನಿನ್ನೆ ಹಾಲ್ ತುಂಬ ಜನ. ಬಾಗಿಲು ಹಾಕುವವರೆಗೂ ಓಡಾಡಿದೆ, ಲೇಸು ಅಲುಗಲಿಲ್ಲ. ಮ್ಯಾನೇಜರ್ ನನ್ನ ಕಾಲು ನೋಡಿದರು, ಮುಖ ನೋಡಿದರು, ಇನ್ನೊಂದು ಟ್ರೇ ಕೊಟ್ಟರು.

ಒಂದು ವಿನಂತಿ. ನಿನ್ನ ಮಗಳು ಶಾಲೆಗೆ ಸೇರುತ್ತಾಳಲ್ಲ, ಲೇಸು ಕಟ್ಟುವುದನ್ನು ಅಮ್ಮನೊಬ್ಬಳೇ ಕಲಿಸಲಿ, ಇಲ್ಲವೇ ನೀನೊಬ್ಬನೇ ಕಲಿಸು. ದಯವಿಟ್ಟು ಇಬ್ಬರೂ ಸೇರಿಕೊಳ್ಳಬೇಡಿ.

ಇನ್ನು ಬೀಳದ,
ನಿನ್ನ ತಂಗಿ