ಏಳು ದಿನದ ಅವಕಾಶ

ಕೊಡಿಗೇಹಳ್ಳಿ

ಮನೆ ಮಾಲೀಕರಾದ ಚನ್ನಕೇಶವ ಅವರಿಗೆ ನಮಸ್ಕಾರ.

ನಿನ್ನೆ ನನ್ನ ಹೆಂಡತಿ ಸಿಪ್ಪೋರಾಳನ್ನು ಮಣ್ಣು ಮಾಡಿ ಬಂದಾಗ ನಿಮ್ಮ ಮಗ ಯಶವಂತ್ ಬಾಗಿಲಲ್ಲಿ ನಿಂತಿದ್ದರು. "ಅಂಕಲ್, ನಿಮ್ದು ಫಾರಿನ್ ಪಾಸ್‌ಪೋರ್ಟ್ ಅಂತೆ. ಪೊಲೀಸ್ ರಗಳೆ ನಮಗೆ ಬೇಡ, ನಾಳೇನೇ ಖಾಲಿ ಮಾಡ್ಬಿಡಿ" ಎಂದರು.

ನಾನು ಜಾಲಹಳ್ಳಿಯಲ್ಲಿ ಬೆಳೆದ ಯಹೂದಿ. ಎಪ್ಪತ್ತೊಂದರ ಯುದ್ಧದಲ್ಲಿ ಈ ದೇಶಕ್ಕಾಗಿ ಒಂದು ಕಣ್ಣು ಕಳೆದುಕೊಂಡೆ. ಆಮೇಲೆ ನಮ್ಮವರ ದೇಶವೆಂದು ಇಸ್ರೇಲಿಗೆ ಹೋದೆವು. ಅಲ್ಲಿ ನಮ್ಮ ಮೈಬಣ್ಣ ನೋಡಿ, ಯಹೂದಿಗಳೆನ್ನಲು ಪುರಾವೆ ಕೇಳಿದರು. ಒಬ್ಬನೇ ಮಗನನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವಾಗ ಮಾತ್ರ ಯಾರೂ ಪುರಾವೆ ಕೇಳಲಿಲ್ಲ. ಅವನು ಗಡಿಯಲ್ಲಿ ಸತ್ತ ಮೇಲೆ ನಾವಿಬ್ಬರೂ ಇಲ್ಲಿಗೇ ಮರಳಿದೆವು.

ನಮ್ಮಲ್ಲಿ ಸಾವಾದರೆ ಏಳು ದಿನ ಮನೆಯಲ್ಲೇ ಕೂತು ದುಃಖ ಆಚರಿಸಬೇಕು. ಅಷ್ಟು ದಿನ ಇರಲು ಬಿಡಿ. ಎಂಟನೆಯ ದಿನ ಬೀಗದ ಕೈ ಕೊಡುತ್ತೇನೆ. ಎಲ್ಲಿಗೆ ಹೋಗುತ್ತೀರಿ ಎಂದು ಮಾತ್ರ ಕೇಳಬೇಡಿ.

ಇಂತಿ,
ರೂಬೆನ್ ನಾಗಾಂವ್‌ಕರ್