ಸೆರಗಿನ ಗಂಟು ಬಿಚ್ಚಿಸಿದ ರವಿವಾರ

ಅಲಖನೂರ, ತಾ. ರಾಯಬಾಗ
20 ಫೆಬ್ರುವರಿ 2025

ಪ್ರಾಜಕ್ತಾಳಿಗೆ,

ಎಂದಿನಂತೆ ಅವ್ವನ ಆಶೀರ್ವಾದ ಎಂದು ಶುರು ಮಾಡಬೇಕಿತ್ತು. ಕೈ ಏಳಲಿಲ್ಲ, ಬಿಟ್ಟಿದ್ದೇನೆ. ನಿನ್ನ ಪತ್ರ ಮುಟ್ಟಿತು. ಜೊತೆಗೆ ಕಳಿಸಿದ, ಯೇಸುವಿನ ಕಥೆಯ ಶುಭಸಂದೇಶದ ಪುಸ್ತಕವೂ ಮುಟ್ಟಿತು. ಚರ್ಚಿನ ಸಿಸ್ಟರ್, ಅಂದರೆ ಸನ್ಯಾಸಿನಿ, ಆಗುವ ತರಬೇತಿಗೆ ಮಾರ್ಚ್ ಹತ್ತಕ್ಕೆ ರಾಂಚಿಗೆ ಹೋಗುತ್ತಿದ್ದೀಯ, ಹೋಗುವ ಮುಂಚೆ ಒಂದು ದಿನ ಮನೆಗೆ ಬಂದು ನಮ್ಮಿಬ್ಬರ ಕಾಲಿಗೆ ನಮಸ್ಕಾರ ಮಾಡಿ ಹೋಗಲೇ ಎಂದು ಕೇಳಿದ್ದೀಯ. ಉತ್ತರ ಮೊದಲೇ ಬರೆದುಬಿಡುತ್ತೇನೆ. ಬರಬೇಡ.

ಯಾಕೆ ಎಂದು ನಿನಗೆ ಗೊತ್ತು. ಆದರೂ ಗೊತ್ತಿಲ್ಲದವಳ ಹಾಗೆ ನಾಲ್ಕು ಪುಟ ತುಂಬಿಸಿದ್ದೀಯ. ಪರಮಪ್ರಸಾದ ಬರೀ ರೊಟ್ಟಿಯಲ್ಲ, ಯೇಸುಸ್ವಾಮಿಯ ಶರೀರವೇ, ಜ್ಞಾನಸ್ನಾನ ಆಗಿ ಕ್ರೈಸ್ತರಾದವರು ಮಾತ್ರ ತೆಗೆದುಕೊಳ್ಳಬೇಕು, ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು ಎಂದು ಪಾಠ ಮಾಡಿದ್ದೀಯ. ಫೆಬ್ರುವರಿ ಎರಡರ ರವಿವಾರ ಚಿಕ್ಕೋಡಿಗೆ ಬಾ, ನಮ್ಮ ಚರ್ಚಿನ ಬಲಿಪೂಜೆಯ ಪ್ರಾರ್ಥನೆ ನೋಡು ಎಂದು ಕರೆದವಳು ನೀನೇ. ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಾಗ ಈ ಪಾಠ ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆವಾಗ ನೀನು ನನ್ನ ಸೀರೆ ನೋಡುತ್ತಿದ್ದೆ. "ಬ್ಯಾರೆ ಸೀರಿ ಇರಲಿಲ್ಲೇನವ್ವಾ?" ಎಂದು ಕೇಳಿದೆ.

ನನ್ನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ ನೀನು ಹಾಡುವವರ ಜೊತೆ ಮುಂದೆ ಹೋದೆ. ಎಲ್ಲರೂ ಎದ್ದು ಸಾಲು ಹಿಡಿದರು, ನಾನೂ ಎದ್ದೆ. ದೇವರ ಮನೆಗೆ ಬಂದು, ಕೊಡುವುದನ್ನು ಒಲ್ಲೆ ಎಂದು ಕೂರುವುದು ಸೊಕ್ಕು ಎಂದು ನನ್ನ ತಿಳಿವಳಿಕೆ. ಫಾದರ್ ಆ ಪರಮಪ್ರಸಾದದ ರೊಟ್ಟಿಯನ್ನು ಕೈಯಲ್ಲಿಟ್ಟರು. ಹಪ್ಪಳಕ್ಕಿಂತ ತೆಳ್ಳಗಿತ್ತು. ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದೆ. ಕೊಕಟನೂರ ಎಲ್ಲವ್ವನ ಹತ್ತಿರ ಹೋದಾಗ ಭಂಡಾರದ ಅರಿಷಿಣ, ಕೊಬ್ಬರಿ ಕಟ್ಟಿಕೊಂಡು ಬರುವುದಿಲ್ಲವೇ? ದೇವರು ಕೊಟ್ಟದ್ದನ್ನು ಅಲ್ಲೇ ನಿಂತು ಒಬ್ಬಳೇ ನುಂಗಿ ಬರುವವಳು ನಮ್ಮ ಓಣಿಯಲ್ಲಿ ಯಾರಿದ್ದಾರೆ? ನಿನ್ನ ಅಣ್ಣ ಅಮೋಲನ ಮಗಳಿಗೆ ಕೊಡೋಣ ಎಂದು ಕಟ್ಟಿದೆ, ಅಷ್ಟೇ.

ಸಾಲು ನೋಡಿಕೊಳ್ಳುತ್ತಿದ್ದ ಕನ್ನಡಕದ ಮನುಷ್ಯ ಬೆನ್ನ ಹಿಂದೆಯೇ ಓಡಿ ಬಂದ. "ಬಾಯಾರ, ಅದನ್ನ ಹಂಗ ಒಯ್ಯಾಕ ಬರಂಗಿಲ್ರಿ, ಸೆರಗಿನ ಗಂಟ ಬಿಚ್ರಿ" ಎಂದ. ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದವಳ ಹಾಗೆ ನಿಂತೆ. ಹಾಡು ನಿಂತಿತು. ಇಡೀ ಚರ್ಚು ತಿರುಗಿ ನೋಡಿತು. ಗಂಟು ಬಿಗಿದು ಕೂತಿತ್ತು, ಬಿಚ್ಚಲು ಬರಲೊಲ್ಲದು. ಅವನು ಎಲ್ಲರಿಗೂ ಕೇಳುವಂತೆ "ಇವ್ರು ಯಾರ ಕಡಿಯವ್ರು?" ಎಂದ. ನೀನು ಮುಂದೆ ಬಂದೆ. ಅಂತೂ ನನ್ನ ಮಗಳು ಬಂದಳು ಎಂದುಕೊಂಡೆ. ನೀನು ಅಂದದ್ದು, "ನಮ್ಮ ದವಾಖಾನಿಗೆ ಬರೋ ಪೇಶಂಟ್ ಅದಾರ್ರಿ."

ಪೇಶಂಟ್! ನರ್ಸಿಂಗ್ ಓದಲು ನಿನ್ನನ್ನು ಕಳಿಸುವುದು ಬೇಡವೇ ಬೇಡ ಎಂದು ಮನೆಯವರೆಲ್ಲ ಹಟ ಹಿಡಿದಾಗ ಎರಡು ದಿನ ಒಲೆ ಹಚ್ಚದೆ ಕೂತವಳು ನಾನು. ಆ ಓದು ಓದಿ, ಮಿಶನ್ ದವಾಖಾನೆಯಲ್ಲಿ ನೌಕರಿ ಹಿಡಿದು, ಹಡೆದವಳನ್ನೇ ಪೇಶಂಟ್ ಮಾಡಿದೆ.

ಫಾದರ್ ಮೇಲೆ ನನಗೆ ಸಿಟ್ಟಿಲ್ಲ. ಆ ವಯಸ್ಸಾದವರು ಕೆಳಗಿಳಿದು ಬಂದು, "ತಪ್ಪ ನಿಮ್ದಲ್ರಿ ತಾಯಿ, ನಾವ ಮದ್ಲ ಹೇಳಬೇಕಿತ್ತು" ಎಂದು ಕೈಮುಗಿದರು. ಗಂಟು ಬಿಚ್ಚಿ ಕೊಟ್ಟೆ. ನನ್ನ ಸೆರಗಿನಿಂದ ಬಂದದ್ದನ್ನು ಹೇಸದೆ ತಾವೇ ಬಾಯಿಗೆ ಹಾಕಿಕೊಂಡರು. ಕನ್ನಡಕದವನ ಮೇಲೂ ಈಗ ಅಷ್ಟು ಸಿಟ್ಟಿಲ್ಲ. ಅವನು ತನ್ನ ದೇವರನ್ನು ಕಾಯುತ್ತಿದ್ದ. ನೀನು ಏನನ್ನು ಕಾಯುತ್ತಿದ್ದೆ?

ಪುಸ್ತಕದಲ್ಲಿ ನೀನು ಗೆರೆ ಎಳೆದ ಪುಟಗಳನ್ನು ಓದಿದೆ. ಎಳೆಯದೆ ಬಿಟ್ಟದ್ದನ್ನೂ ಓದಿದೆ. ನಾನು ಮ್ಯಾಟ್ರಿಕ್ ತನಕ ಓದಿದವಳು, ಅದನ್ನೂ ಮರೆತಿದ್ದೀಯೇನೋ. ಕೊನೆಯ ಊಟದ ದಿನ, ತನ್ನನ್ನು ಹಿಡಿದುಕೊಡುವವನು ಯಾರೆಂದು ಗೊತ್ತಿದ್ದೂ ಯೇಸು ಅವನಿಗೆ ತುತ್ತು ಅದ್ದಿ ಕೊಟ್ಟನಂತೆ. ಅಲ್ಲಿ ನಿನ್ನ ಪೆನ್ನು ಓಡಿಲ್ಲ. ಎಮ್ಮಾವು ಎಂಬ ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು ಸತ್ತು ಎದ್ದುಬಂದ ಯೇಸುವಿನ ಜೊತೆಗೇ ನಡೆದರೂ ಗುರುತು ಹಿಡಿಯಲಿಲ್ಲ, ರೊಟ್ಟಿ ಮುರಿದಾಗ ಹಿಡಿದರು. ನಿನ್ನದು ಉಲ್ಟಾ. ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದಲೇ ಗುರುತು ಹಿಡಿದವಳು ರೊಟ್ಟಿಯ ಎದುರಿಗೆ ಮರೆತೆ.

ಮೀನು ಹಿಡಿಯುತ್ತಿದ್ದ ಶಿಷ್ಯ ಪೇತ್ರನ ಕಥೆಗೆ ಮಾತ್ರ ಎರಡೆರಡು ಗೆರೆ. ತನ್ನ ಗುರುವನ್ನು ಅರಿಯೆ ಎಂದು ಮೂರು ಸಲ ಹೇಳಿ, ಆಮೇಲೆ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತನಂತೆ. ಅದನ್ನು ಓದಿ ನಾನು ಕರಗಲಿ ಎಂದು ತಾನೆ? ಯಾಕೆ, ನಿನಗೆ ಬಾಯಿಲ್ಲವೇ? ನಾಲ್ಕು ಪುಟದಲ್ಲಿ "ತಪ್ಪಾತವ್ವ" ಎಂಬ ಒಂದು ಮಾತಿಲ್ಲ. ಅದನ್ನು ಹೇಳಲು ಎರಡು ಸಾವಿರ ವರ್ಷದ ಹಿಂದಿನ ಮೀನುಗಾರನನ್ನು ನನ್ನ ಮನೆಗೆ ಕಳಿಸಿದ್ದೀಯ. ಅವನು ನನಗೇನೂ ಮಾಡಿಲ್ಲ, ಪಾಪ.

ಗುರುತಿಲ್ಲದವರ ಊರಿಗೆ ಶುಭಸಂದೇಶ ಒಯ್ಯುವುದೇ ನನಗೆ ಬಂದ ಕರೆ ಎಂದು ಬರೆದಿದ್ದೀಯ. ಒಯ್ಯಿ. ಅಲ್ಲಿ ಯಾರದೋ ಅವ್ವ ನನ್ನ ಹಾಗೆಯೇ ಸೆರಗಿಗೆ ಗಂಟು ಹಾಕುತ್ತಾಳೆ. ಅವಳ ಪಕ್ಕದಲ್ಲಿ ನಿಲ್ಲುತ್ತೀಯೋ, ಯಾರೋ ಎನ್ನುತ್ತೀಯೋ ನೋಡಿಕೋ. ನೀನು ಕ್ರೈಸ್ತಳಾದದ್ದಕ್ಕೆ ನಾನು ಒಂದು ದಿನವೂ ಅಳಲಿಲ್ಲ. ಓಣಿಯ ಹೆಂಗಸರು ಆಡಿಕೊಂಡಾಗ ಅವರ ಬಾಯಿ ಮುಚ್ಚಿಸಿದೆ. ಆ ರವಿವಾರ ಬಸ್ಸಿನಲ್ಲಿ ಚಿಕ್ಕೋಡಿಯಿಂದ ಊರ ತನಕ ಅತ್ತೆ. ಸಕ್ಕುಬಾಯಿಯ ಮಗಳು ಎಂದು ಹೇಳಿಕೊಳ್ಳಲು ನಾಚುವವಳು ನನ್ನ ಹೊಸ್ತಿಲು ತುಳಿಯುವುದು ಬೇಡ.

ನಿಮ್ಮಪ್ಪ ಹೇಗಿದ್ದಾರೆ ಎಂದು ಕೇಳಿದ್ದೀಯ. ಕಬ್ಬು ಕಡಿಸುವ ಕೆಲಸ ನಡೆದಿದೆ, ಆರಾಮಾಗಿದ್ದಾರೆ. ನಿನಗೆ ಜ್ಞಾನಸ್ನಾನವಾದ ದಿನದಿಂದ ಅವರು ನಿನ್ನ ಹೆಸರು ಎತ್ತಿಲ್ಲ. ಇನ್ನು ಎತ್ತುವುದೂ ಇಲ್ಲ.

ಇಂತಿ,
ನಿಮ್ಮ ದವಾಖಾನೆಯ ಪೇಶಂಟ್,
ಸಕ್ಕುಬಾಯಿ

ತಾ.ಕ.: ಅಮೋಲನ ಮಗಳಿಗೆ ಎಂದು ಬರೆದದ್ದು ಸುಳ್ಳು. ಅಪ್ಪ ನಿನ್ನ ಹೆಸರು ಎತ್ತಿಲ್ಲ ಎಂದದ್ದೂ ಸುಳ್ಳು. ಆ ಬೆಳಿಗ್ಗೆ ಬಸ್ಸಿನ ತನಕ ಬಂದು, "ಪ್ರಾಜಕ್ತಾ ಅಲ್ಲಿ ಏನ ತಿಂತಾಳೋ ಅದನ್ನ ನನಗೂ ಒಂಚೂರ ತಗೊಂಡ ಬಾ. ಅಕಿ ತಿನ್ನೂದ ನಾ ತಿನ್ನಲಿಲ್ಲಂದ್ರ ನಾವು ಬ್ಯಾರೆ ಆದಂಗ ಆಕ್ಕೈತಿ" ಎಂದಿದ್ದರು. ನಾನು ಮರಳಿ ಬಂದಾಗ ಜಳಕ ಮಾಡಿ, ಮಧ್ಯಾಹ್ನದ ಊಟವನ್ನೂ ಮಾಡದೆ, ಪಡಸಾಲೆಯಲ್ಲಿ ಕಾಯುತ್ತ ಕೂತಿದ್ದರು. ಜನ ಬಹಳ ಇದ್ದರು, ನನ್ನ ತನಕ ಬರಲಿಲ್ಲ ಎಂದು ಹೇಳಿದೆ. ನಂಬಿದ್ದಾರೆ. ನೀನು ಬಂದೇ ಬಂದರೆ, ಅವರ ಎದುರಿಗೆ ನೀನೂ ಅದನ್ನೇ ಹೇಳಬೇಕು.