ಬಾಗಿಲ ಬಳಿಯ ಸೀಟು

ಮನೆಯಿಂದ,
೧೪ನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಭಾವಾ,

ಹೇಗಿದ್ದೀರಿ ಎಂದು ಕೇಳಲು ನಾಲಿಗೆ ಏಳುವುದಿಲ್ಲ, ಆದರೂ ಕೇಳುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಹಡಗಿನಲ್ಲಿ ಯಾರಾದರೂ ಜೊತೆಗಿರುತ್ತಾರೋ, ಎಂಜಿನ್ ಕೋಣೆಯಲ್ಲಿ ಒಬ್ಬರೇ ಕೂತುಬಿಡುತ್ತೀರೋ? ಈ ಪತ್ರ ಮುಂದಿನ ಬಂದರಿನಲ್ಲಿ ನಿಮ್ಮ ಕೈಸೇರುತ್ತದೆ ಎಂದಿದ್ದಾರೆ ನಿಮ್ಮ ಆಫೀಸಿನವರು. ಇಲ್ಲಿ ಅಮ್ಮ ಹಾಸಿಗೆ ಬಿಟ್ಟು ಎದ್ದಿಲ್ಲ. ನಿಮ್ಮ ಮಗಳು ಗುಬ್ಬಿ ಶಾಲೆಗೆ ಹೋಗುತ್ತಿದ್ದಾಳೆ. ನಾನು ಹಾಕಿದ ಜಡೆ ಸೊಟ್ಟ ಎಂದು ಬಿಚ್ಚಿ ತಾನೇ ಹಾಕಿಕೊಳ್ಳುತ್ತಾಳೆ, ಅದು ಇನ್ನೂ ಸೊಟ್ಟ.

ಅಕ್ಕ ಹೋದ ಸುದ್ದಿ ಫೋನಿನಲ್ಲಿ ಹೇಳಿದಾಗ ನೀವು ಕೇಳಿದ್ದು ಒಂದೇ, "ಹೇಗಾಯ್ತು?" ಎಂದು. ಆಮೇಲೆ ಬರೆಯುತ್ತೇನೆ ಎಂದು ಫೋನ್ ಇಟ್ಟುಬಿಟ್ಟೆ. ಈಗ ಹೇಳುತ್ತೇನೆ. ನಾವಿಬ್ಬರೂ ಗಗನಸಖಿಯರಾದರೂ ಒಂದೇ ವಿಮಾನದಲ್ಲಿ ಡ್ಯೂಟಿ ಬೀಳುವುದು ಅಪರೂಪ. ಅವತ್ತು ಬಿದ್ದಿತ್ತು. ಅಕ್ಕನಿಗೆ ಖುಷಿಯೋ ಖುಷಿ. ಪ್ರಯಾಣಿಕರ ಮುಂದೆ ನನ್ನನ್ನು ಮೇಡಂ ಎಂದು ಕರೆದು ಕಣ್ಣು ಹೊಡೆಯುತ್ತಿದ್ದಳು. ಊಟದ ಗಾಡಿ ತಳ್ಳುವಾಗ ಒಮ್ಮೆ ನಿಂತು ಎದೆ ನೀವಿಕೊಂಡಳು. "ಗ್ಯಾಸು ಕಣೇ, ಬೆಳಿಗ್ಗೆ ಬರೀ ಕಾಫಿ ಕುಡ್ದು ಬಂದೆ," ಎಂದಳು. ಕೊನೆಯ ಸಾಲಿನವರೆಗೂ ಊಟ ಕೊಟ್ಟಳು, ಕೈ ನಡುಗುವ ಮುದುಕರೊಬ್ಬರಿಗೆ ಪೊಟ್ಟಣ ಬಿಡಿಸಿಯೂ ಕೊಟ್ಟಳು. ಊಟ ಜೋಡಿಸುವ ಹಿಂಬದಿಯ ಮೂಲೆಗೆ ಬಂದವಳೇ ಪರದೆ ಹಿಡಿದುಕೊಂಡು ಕುಸಿದಳು. ಮೈಯೆಲ್ಲಾ ಬೆವರು, ಮುಖ ಬಿಳಿಚಿಹೋಗಿತ್ತು. ಡಾಕ್ಟರ್ ಯಾರಾದರೂ ಇದ್ದೀರಾ ಎಂದು ಮೈಕಿನಲ್ಲಿ ಕೇಳಿದೆ. ಎದ್ದು ಬಂದವರು ಹಲ್ಲಿನ ಡಾಕ್ಟರಮ್ಮ. "ಹಲ್ಲೆಲ್ಲಾ ಗಟ್ಟಿಯಾಗೇ ಇದೆ ಡಾಕ್ಟ್ರೇ," ಎಂದಳು ಅಕ್ಕ, ಆ ಸ್ಥಿತಿಯಲ್ಲೂ. ಆಮೇಲೆ ತಮಾಷೆ ಮಾಡಲಿಲ್ಲ. ಆಕ್ಸಿಜನ್ ಕೊಟ್ಟೆವು. ಕ್ಯಾಪ್ಟನ್ ವಿಮಾನವನ್ನು ಹತ್ತಿರದ ನಿಲ್ದಾಣದತ್ತ ತಿರುಗಿಸಿದರು.

ಇಳಿಯುವಾಗ ಒಂದೊಂದು ಬಾಗಿಲಿಗೂ ನಮ್ಮವರೊಬ್ಬರು ಬೆಲ್ಟ್ ಕಟ್ಟಿ ಕೂರಲೇಬೇಕು ಭಾವಾ. ಬೆಂಕಿಗಿಂಕಿ ಹತ್ತಿದರೆ ತೆರೆಯುವವರು ನಾವೇ. ನಾನು ಅಕ್ಕನ ಕೈ ಬಿಡಲಿಲ್ಲ. "ಹೋಗೇ, ಬಾಗ್ಲ ಹತ್ರ ಕೂತ್ಕೋ. ಅಷ್ಟು ಜನ ಇದಾರೆ," ಎಂದು ಗದರಿ ಅವಳೇ ನನ್ನ ಬೆರಳು ಬಿಡಿಸಿದಳು. ಡಾಕ್ಟರಮ್ಮ ಮಾತ್ರ ಎಷ್ಟು ಹೇಳಿದರೂ ಸೀಟಿಗೆ ಹೋಗದೆ, ಅವಳ ಕೈ ಹಿಡಿದು ನೆಲದ ಮೇಲೇ ಕೂತರು. ನಾನು ಕೂತಲ್ಲಿಂದ ಅಕ್ಕನ ಒಂದು ಕಾಲಷ್ಟೇ ಕಾಣುತ್ತಿತ್ತು, ಶೂ ಕಳಚಿತ್ತು. ಚಕ್ರ ನೆಲ ಮುಟ್ಟಿದಾಗ ಆ ಕಾಲು ಅಲುಗಿತು. ಸದ್ಯ, ಎಚ್ಚರವಿದೆ ಎಂದುಕೊಂಡೆ. ಅಲುಗಿದ್ದು ವಿಮಾನ. ಯಾರೂ ಏಳಬೇಡಿ, ಬೆಲ್ಟ್ ಬಿಚ್ಚಬೇಡಿ ಎಂದು ಮೈಕಿನಲ್ಲಿ ಎಂದಿನ ದನಿಯಲ್ಲೇ ಹೇಳಿದೆ. ಆ ದನಿ ಎಲ್ಲಿಂದ ಬಂತೋ ಗೊತ್ತಿಲ್ಲ. ವಿಮಾನ ನಿಂತ ಮೇಲೆ ಎಲ್ಲರೂ ಸರದಿಯ ಮೇಲೆ ಎದೆ ಒತ್ತಿದೆವು. ಹತ್ತಿ ಬಂದ ಆಂಬುಲೆನ್ಸಿನವರೂ ಒತ್ತಿದರು. ಅಕ್ಕ ಉಸಿರಾಡಲಿಲ್ಲ.

ಅಮ್ಮ ಮಲಗಿದಲ್ಲಿಂದಲೇ ನಿಮ್ಮನ್ನು ಹರಸಿದ್ದಾಳೆ. ಬೇಗ ಬನ್ನಿ. ಬರುವಾಗ ಯಾರಿಗೂ ಏನೂ ತರಬೇಡಿ.

ಇಂತಿ,
ನಿಮ್ಮ ನಾದಿನಿ

ತಾ.ಕ.: ಅಂಚೆಗೆ ಹಾಕಲು ಹೊರಟವಳು ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. "ಅಮ್ಮನ ಕೈ ಯಾರು ಹಿಡ್ಕೊಂಡಿದ್ರು ಚಿಕ್ಕಮ್ಮಾ?" ಎಂದು ಗುಬ್ಬಿ ಕೇಳಿದಳು. ನಾನೇ ಎಂದೆ. "ಕೊನೇವರೆಗೂನಾ?" ಎಂದಳು. ಹೂಂ ಎಂದೆ. ನಿಮ್ಮನ್ನೂ ಕೇಳುತ್ತಾಳೆ ಭಾವಾ. ಹಾಗೇ ಹೇಳಿ.